ಮಕ್ಕಳನ್ನು ನೆಲಕ್ಕಿಳಿಸದ ಊರು

ಸಮುದ್ರ ದಾಟಿ ಬಂದವರು ಕಟ್ಟಿದ ಊರೊಂದಿತ್ತು. ಆ ಊರಿನ ಹೆಂಗಸರೆಲ್ಲ ಒಂದು ಕಡೆಗೆ ವಾಲಿಕೊಂಡು ನಡೆಯುತ್ತಿದ್ದರು. ಅವರ ಸೊಂಟದ ಮೇಲೆ ಮಗು ಇರುತ್ತಿತ್ತು. ಮಗು ಎಂದರೆ ಎಳೆಗೂಸು ಎಂದೇ ತಿಳಿಯಬೇಕಿಲ್ಲ. ಹಾಲುಹಲ್ಲು ಬಿದ್ದು ಬೇರೆ ಹಲ್ಲು ಬಂದವರೂ ಇದ್ದರು. ಅಂಥವರ ಕಾಲು ತಾಯಿಯ ಮೊಣಕಾಲು ದಾಟಿ ಕೆಳಗೆ ಇಳಿಬಿದ್ದಿರುತ್ತಿತ್ತು. ಹೆಬ್ಬೆರಳು ಧೂಳಿಗೆ ತಾಗುವ ಹಾಗಾದಾಗ ತಾಯಿ ನಿಂತು, ಉಸಿರು ಬಿಗಿಹಿಡಿದು, ಒಂದು ಸಲ ಮೇಲಕ್ಕೆ ಎತ್ತಿ ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದಳು. ಆ ಊರಿನಲ್ಲಿ ಮಕ್ಕಳನ್ನು ನೆಲಕ್ಕೆ ಇಳಿಸುತ್ತಿರಲಿಲ್ಲ. ಕಾರಣ, ಗಂಡಸರು ಕಾಡಿನಲ್ಲಿದ್ದರು.

ಇವೆರಡಕ್ಕೂ ಏನು ಸಂಬಂಧ ಎಂದು ಹೊರಗಿನವರು ಕೇಳುತ್ತಿದ್ದರು. ಊರಿನವರಿಗೆ ಆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಸಮುದ್ರದ ಆಚೆಯ ಹಳೇ ಊರಿನಲ್ಲಿ ಎಲ್ಲವನ್ನೂ ಆಗಲೇ ಹೇಳಿಯಾಗಿತ್ತು. ಹೂವಿನ ಬಗ್ಗೆ ಹೇಳಿಯಾಗಿತ್ತು, ಸಂಜೆಯ ಬಗ್ಗೆ ಹೇಳಿಯಾಗಿತ್ತು, ಸಾವಿನ ಬಗ್ಗೆಯಂತೂ ಸತ್ತವರೇ ನಾಚುವಷ್ಟು ಹೇಳಿಯಾಗಿತ್ತು. ಹೊಸ ಖಂಡದ ದಡಕ್ಕೆ ಬಂದವರು ಪೆಟ್ಟಿಗೆ ಪಾತ್ರೆಗಳ ಜೊತೆ ಆ ಮಾತುಗಳನ್ನೂ ಹೊತ್ತು ತಂದಿದ್ದರು. ಬಹುಕಾಲ ಅವನ್ನೇ ಹೇಳಿಕೊಂಡು ಬದುಕಿದರು. ಈ ದಡದಲ್ಲಿ ಎಂದೂ ಹಾರದ ಹಕ್ಕಿಯೊಂದರ ಹಾಡನ್ನು ಹೊಗಳಿ ಕಣ್ಣೀರು ಒರೆಸಿಕೊಂಡರು. ಅದೇ ಹೊತ್ತಿಗೆ ಕಿಟಕಿಯ ಹೊರಗೆ ಇಲ್ಲಿನ ಹಕ್ಕಿಯೊಂದು ಕೂಗುತ್ತಿತ್ತು. ಅದರ ಬಗ್ಗೆ ಯಾರೂ ಏನೂ ಹೇಳಿರಲಿಲ್ಲವಾದ್ದರಿಂದ ಅದಕ್ಕೆ ಕಲ್ಲು ಹೊಡೆದರು.

ಆಗ ಊರಿನಲ್ಲಿ ಒಬ್ಬ ಎದ್ದು ನಿಂತ. ಅವನನ್ನು ಈಗ ಮೊದಲ ಏಕಾಂಗಿ ಎನ್ನುತ್ತಾರೆ. "ಇನ್ನೊಬ್ಬರು ಹೇಳಿದ್ದನ್ನು ಹೇಳುವವನು ಮನುಷ್ಯನಲ್ಲ, ಮಾರ್ದನಿ" ಎಂದ. ಹಾಗೆಂದು ಕಾಡಿಗೆ ಹೋದ. ಒಬ್ಬನೇ ಇದ್ದ. ಕಾಡು ತನಗೆ ಮಾತ್ರ ಹೇಳಿದ ಮಾತನ್ನು ಕೇಳಿಸಿಕೊಂಡು ತಿರುಗಿ ಬಂದ. ಅವನು ತಂದ ಮಾತು ಇದು: "ನನ್ನ ಹಿಂದೆ ಬರಬೇಡಿ."

ಊರಿನವರಿಗೆ ಅದು ಬಹಳ ಹಿಡಿಸಿತು. ಎಲ್ಲರೂ ಅವನ ಹಿಂದೆ ಹೋದರು.

ನಿಯಮ ಹುಟ್ಟಿದ್ದು ಹಾಗೆ. ಗಂಡಸು ತಂದೆಯಾದ ಕೂಡಲೇ ಕಾಡಿಗೆ ಹೋಗಬೇಕು. ಇನ್ನೊಂದು ಜೀವವನ್ನು ಭೂಮಿಗೆ ತಂದವನು ತಾನು ಮಾರ್ದನಿಯಲ್ಲ ಎಂದು ಮೊದಲು ತೋರಿಸಬೇಕು. ಯಾರೂ ಹೇಳದ ಒಂದು ಮಾತನ್ನು ಕಾಡಿನಿಂದ ಕೇಳಿ ತಂದು ಸಭಾಮಂದಿರದಲ್ಲಿ ಹೇಳಬೇಕು. ಆ ಮೇಲೆಯೇ ಅವನು ತನ್ನ ಮಗುವಿಗೆ ಹೆಸರಿಡಬಹುದು. ತಂದೆ ಹೆಸರಿಡುವ ಮೊದಲೇ ಮಗು ನಡೆದುಬಿಟ್ಟರೆ ಅದು ಬದುಕಿರುವಷ್ಟು ಕಾಲವೂ ಮಾರ್ದನಿ. ಅದಕ್ಕೆ ಮಂದಿರದಲ್ಲಿ ಬಾಯಿಯಿಲ್ಲ, ಊರಿನಲ್ಲಿ ಮನೆಯಿಲ್ಲ. ಏಕಾಂಗಿಗಳ ಗುಡಿಸಲುಗಳಿಗೆ ನೀರು ಹೊರುವುದು ಅದರ ಕೆಲಸ. ಮೊದಲ ಏಕಾಂಗಿಗೆ ಮದುವೆಯಾಗಿರಲಿಲ್ಲ. ನಿಯಮವನ್ನು ನೋಡಿದರೆ ಅದು ಗೊತ್ತಾಗುತ್ತದೆ.

ಕಾಡಿಗೆ ಹೋಗುವವನಿಗೆ ದರ್ಜಿ ಹರಿದ ಕೋಟು ಹೊಲಿದುಕೊಡುತ್ತಿದ್ದ. ಹರುಕು ಎಡಗೈ ಮೊಣಕೈಯಲ್ಲಿ ಇರಬೇಕು. ಬಲಗೈಯಲ್ಲಿ ಹರಿದರೆ ದರ್ಜಿ ಹೊಲಿದು ಎಡಗೈಯಲ್ಲಿ ಹರಿದುಕೊಡುತ್ತಿದ್ದ. ಕಾಡಿನಲ್ಲಿ ತನ್ನ ಗುಡಿಸಲನ್ನು ತಾನೇ ಕಟ್ಟಿಕೊಳ್ಳಬೇಕು. ಇನ್ನೊಬ್ಬ ಬಿಟ್ಟುಹೋದ ಗುಡಿಸಲಿನಲ್ಲಿ ಮಲಗಿದರೆ ಅದು ಹಳೇ ಏಕಾಂತ. ಹೀಗಾಗಿ ಪ್ರತಿಯೊಬ್ಬನೂ ಮರ ಕಡಿದು ಹೊಸ ಗುಡಿಸಲು ಕಟ್ಟಿದ. ಕಾಡಿನಲ್ಲಿ ಗುಡಿಸಲುಗಳು ಹೆಚ್ಚಿದವು, ಮರಗಳು ಕಡಿಮೆಯಾದವು. ಒಬ್ಬ ಏಕಾಂಗಿ ಆಕಳಿಸಿದರೆ ಪಕ್ಕದ ಏಕಾಂಗಿಗೆ ನಿದ್ದೆ ಬರುವಷ್ಟು ಹತ್ತಿರ ಹತ್ತಿರ ಗುಡಿಸಲುಗಳು. ಆದರೂ ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಎದುರಿಗೆ ಸಿಕ್ಕರೆ ಇಬ್ಬರೂ ಆಕಾಶ ನೋಡುತ್ತಿದ್ದರು.

ಊಟದ ಪ್ರಶ್ನೆ ಒಂದಿತ್ತು. ಅದಕ್ಕೂ ಒಂದು ಕ್ರಮವಿತ್ತು. ಕಾಡಿನ ಅಂಚಿನ ಮರಗಳಿಗೆ ಗೂಟ ಹೊಡೆದಿದ್ದರು. ಮಧ್ಯಾಹ್ನ ಹೆಂಗಸರು ಬುತ್ತಿ ತಂದು ಗೂಟಕ್ಕೆ ನೇತುಹಾಕುತ್ತಿದ್ದರು. ಹಾಕಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮಾತಾಡಬಾರದು. ಗಂಡಸರು ಬಂದು ಬುತ್ತಿ ತೆಗೆದುಕೊಂಡು, ಮರದ ಕಡೆ ಮುಖಮಾಡಿ, ಕಾಡಿಗೆ ಕೃತಜ್ಞತೆ ಹೇಳುತ್ತಿದ್ದರು. "ಕಾಡು ಕೊಟ್ಟಿತು" ಎನ್ನುತ್ತಿದ್ದರು. ಖಾಲಿ ಬಟ್ಟೆಯನ್ನು ಗೂಟಕ್ಕೆ ಸಿಕ್ಕಿಸಿ ಹೋಗುತ್ತಿದ್ದರು. ಅದನ್ನು ಒಗೆದು ಕೊಡುತ್ತಿದ್ದುದೂ ಕಾಡೇ.

ದಿನವೂ ಹೆಂಗಸರು ಬೆನ್ನು ತಿರುಗಿಸಿ ನಿಂತರು. ದಿನವೂ ಗಂಡಸರು ಕಾಡಿಗೆ ಕೃತಜ್ಞತೆ ಹೇಳಿದರು.

ಆ ಊರಿನಲ್ಲಿ ಒಬ್ಬ ಬಡಗಿಯಿದ್ದ. ಅವನ ಹೆಂಡತಿಗೆ ಮಗು ಹುಟ್ಟಿದ ದಿನವೇ ದರ್ಜಿಯ ಅಂಗಡಿಗೆ ಹೋಗಿ ಕೋಟು ತಂದುಕೊಂಡ. ಕಾಡಿನಲ್ಲಿ ಅವನು ಕಟ್ಟಿದ ಗುಡಿಸಲಿನ ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಇದರಿಂದ ಸುತ್ತಲಿನ ಏಕಾಂಗಿಗಳಿಗೆ ಮುಜುಗರವಾಯಿತು. ಅವನೇ ಸುತ್ತಿಗೆಯಿಂದ ಹೊಡೆದು ಬಾಗಿಲನ್ನು ಸ್ವಲ್ಪ ಸೊಟ್ಟ ಮಾಡಿಕೊಂಡ.

ಒಳ್ಳೆಯ ಮನುಷ್ಯ. ಅವನ ಕಷ್ಟವೆಂದರೆ ಕಾಡು ಅವನಿಗೆ ಏನೂ ಹೇಳುತ್ತಿರಲಿಲ್ಲ. ಹೇಳಿದರೂ ಹೇಳಿದ್ದನ್ನೇ ಹೇಳುತ್ತಿತ್ತು.

ಸಭಾಮಂದಿರದಲ್ಲಿ ಕೇಳುವವರು ಕುಳಿತಿರುತ್ತಿದ್ದರು. ಊರಿನಲ್ಲಿ ಈವರೆಗೆ ಹೇಳಿದ ಎಲ್ಲ ಮಾತುಗಳನ್ನೂ ನೆನಪಿಟ್ಟುಕೊಂಡ ಮುದುಕರು ಅವರು. ಅವರಲ್ಲಿ ಇಬ್ಬರು ಮುಖ್ಯರು, ಬಿಳಿ ಕೋಟಿನವನು ಮತ್ತು ಕರಿ ಕೋಟಿನವನು. ಬಿಳಿ ಕೋಟಿನವನಿಗೆ ಪ್ರತಿ ಎಲೆಯ ಮೇಲೂ ದೇವರು ಕಾಣುತ್ತಿದ್ದ. ಕರಿ ಕೋಟಿನವನಿಗೆ ಪ್ರತಿ ಎಲೆಯ ಅಡಿಯಲ್ಲೂ ಪಾಪ ಕಾಣುತ್ತಿತ್ತು. ಇಬ್ಬರೂ ನೋಡುತ್ತಿದ್ದುದು ಅದೇ ಎಲೆಯನ್ನು.

ಬಡಗಿ ಒಮ್ಮೆ ಬಂದು, "ಕೆರೆಯ ನೀರಿನಲ್ಲಿ ಆಕಾಶವಿದೆ" ಎಂದ.

"ಆ ಕೆರೆಯಲ್ಲಿ ಆಕಾಶ ತುಂಬಿ ತುಂಬಿ ಮೀನಿಗೆ ಜಾಗ ಇಲ್ಲ ಕಣಯ್ಯ" ಎಂದ ಬಿಳಿ ಕೋಟಿನವನು. "ಹೋಗು."

ಇನ್ನೊಮ್ಮೆ ಬಂದು, "ನಾನೇ ಆಕಾಶ" ಎಂದ.

"ಈಗ ತಾನೇ ಒಬ್ಬ ಆಕಾಶ ಹೊರಗೆ ಹೋದ. ನಿನಗೆ ಬಾಗಿಲಲ್ಲಿ ಸಿಗಲಿಲ್ಲವೇ?" ಎಂದ ಕರಿ ಕೋಟಿನವನು.

ಬಡಗಿ ತಿರುಗಿ ಹೋದ. ಅಷ್ಟರಲ್ಲಿ ಮಗು ತೆವಳುವ ವಯಸ್ಸು ದಾಟಿತ್ತು. ತೆವಳಲು ಬಿಟ್ಟಿರಲಿಲ್ಲ, ಆ ಮಾತು ಬೇರೆ.

ಮಗು ಒದೆಯುತ್ತಿತ್ತು. ನೆಲ ಕಂಡರೆ ಸಾಕು, ಬಿಲ್ಲಿನ ಹಾಗೆ ಬಾಗಿ, ತಾಯಿಯ ಸೊಂಟದಿಂದ ಜಾರಲು ನೋಡುತ್ತಿತ್ತು. ಬಡಗಿಯ ಹೆಂಡತಿ ಅದನ್ನು ಎತ್ತಿಕೊಂಡೇ ಒಲೆ ಹಚ್ಚಿದಳು, ಎತ್ತಿಕೊಂಡೇ ನೀರು ಸೇದಿದಳು, ಎತ್ತಿಕೊಂಡೇ ಮುಸುಕಿನ ಜೋಳದ ರೊಟ್ಟಿ ತಟ್ಟಿದಳು. ರೊಟ್ಟಿಗಳು ಒಂದು ಕಡೆ ದಪ್ಪ, ಒಂದು ಕಡೆ ತೆಳ್ಳಗೆ ಆಗುತ್ತಿದ್ದವು. ಕಾಡಿನಲ್ಲಿ ಆ ಆಕಾರದ ಬಗ್ಗೆಯೂ ಚಿಂತನೆ ನಡೆಯುತ್ತಿತ್ತು.

ಒಂದು ದಿನ ಬುತ್ತಿ ಹೊತ್ತು ಹೋಗುವಾಗ ಕಮ್ಮಾರನ ಹೆಂಡತಿ ಜೊತೆಯಾದಳು. ಅವಳ ಸೊಂಟದ ಮೇಲಿದ್ದ ಮಗ ಅವಳಿಗಿಂತ ಸ್ವಲ್ಪವೇ ಗಿಡ್ಡ.

"ಏನೇ, ಬೆವರ್ತಿದ್ದೀಯ?" ಎಂದಳು ಕಮ್ಮಾರನ ಹೆಂಡತಿ. "ಇನ್ನೂ ಅಷ್ಟೊಂದು ಭಾರ ಆಗಿಲ್ಲವಲ್ಲ ನಿಂದು."

"ಭಾರ ಅಲ್ಲಕ್ಕ, ಒದೆಯುತ್ತೆ. ಪಕ್ಕೆಯೆಲ್ಲ ನೀಲಿಗಟ್ಟಿದೆ."

"ಒದೀಲಿ ಬಿಡು. ನಂದೂ ಒದೀತಿತ್ತು. ಆಮೇಲೆ ನಿಲ್ಲಿಸಿಬಿಡ್ತು."

"ನಿಲ್ಲಿಸಿದ್ಮೇಲೆ?"

"ನಿಲ್ಲಿಸಿದ್ಮೇಲೆ ಏನು, ಹಾಯಾಗಿದೆ. ಈಗ ಇಳಿ ಅಂದ್ರೂ ಇಳಿಯಲ್ಲ. ಅಲ್ವೇನೋ?"

"ಇಳಿಯಲ್ಲ" ಎಂದ ಮಗ, ಒಡೆದ ದನಿಯಲ್ಲಿ. ಅವನ ಮೇಲ್ದುಟಿಯ ಮೇಲೆ ಸಣ್ಣಗೆ ಕಪ್ಪು ಮೂಡಿತ್ತು. ಅವನ ಕಾಲುಗಳು ಒಣಗಲು ಹಾಕಿದ ಬಟ್ಟೆಯ ಹಾಗೆ ಜೋತಾಡುತ್ತಿದ್ದವು.

ಬಡಗಿಯ ಹೆಂಡತಿ ಆ ಕಾಲುಗಳನ್ನು ನೋಡಿದಳು. ತನ್ನ ಮಗು ತನ್ನ ಪಕ್ಕೆಗೆ ಒದ್ದಿತು. ಮೊದಲ ಸಲ ಅವಳಿಗೆ ಆ ಒದೆತದಿಂದ ಸಮಾಧಾನವಾಯಿತು. ಇಳಿಸಿದರೆ ಮಾರ್ದನಿ. ಇಳಿಸದಿದ್ದರೆ ಈ ಕಾಲು. ಹೆಸರು ಬರಬೇಕು, ಒದೆತ ನಿಲ್ಲುವುದರೊಳಗೆ ಬರಬೇಕು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅಂಚಿನ ಮರಗಳ ಬಳಿ ಹೆಂಗಸರು ಬುತ್ತಿ ನೇತುಹಾಕಿ ಬೆನ್ನು ತಿರುಗಿಸಿ ನಿಂತರು. ಗಂಡಸರು ಬಂದು ಕಾಡಿಗೆ ಕೃತಜ್ಞತೆ ಹೇಳಿ ಹೋದರು. ಕಮ್ಮಾರನ ಹೆಂಡತಿಯೂ ಹೋದಳು. ಬಡಗಿ ಕೊನೆಗೆ ಬಂದ. ಬುತ್ತಿ ಬಿಚ್ಚಿ ನೋಡಿ, ಮರದ ಕಡೆಗೆ ತಿರುಗಿದ.

"ಓ ಕಾಡೇ" ಎಂದ. "ನಿನ್ನೆ ನೀನು ಕೊಟ್ಟ ಕುಂಬಳಕಾಯಿ ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿತ್ತು. ನೀನು ಕಣ್ಣೀರಿನ ಬಗ್ಗೆ ಏನೋ ಹೇಳುತ್ತಿದ್ದೀಯ. ಬಿಡಿಸಿ ಹೇಳು."

ಮಗು ಒದ್ದಿತು. ಬೆನ್ನು ತಿರುಗಿಸಿಕೊಂಡೇ ಹೆಂಡತಿ ಹೇಳಿದಳು: "ಮನೆಗೆ ಬನ್ನಿ. ಮಗು ನಡೆಯೋ ಹಾಗಿದೆ."

ಬಡಗಿಯ ಕೈಯಿಂದ ರೊಟ್ಟಿ ಬಿತ್ತು. "ಯಾರು? ಯಾರು ಮಾತಾಡಿದ್ದು?"

"ನಿಮ್ಮ ಹೆಂಡತಿ ರೀ."

"ಕಾಡು ನನ್ನ ಹೆಂಡತಿಯ ದನಿಯಲ್ಲಿ ಮಾತಾಡುತ್ತಿದೆ!" ಎಂದ ಬಡಗಿ ಮರದ ತೊಗಟೆಯನ್ನು ತಡವುತ್ತ. "ಎಂಥ ಸರಳತೆ!"

"ನಾನೇ ರೀ ಅದು. ಪಲ್ಯ ಮಾಡಿದವಳು. ಹಿಂದೆ ತಿರುಗಿ ನೋಡಿ."

"ಹಿಂದೆ ನೋಡುವುದಿಲ್ಲ. ಹಳೇ ಊರಿನವರು ಹಿಂದೆ ನೋಡುತ್ತಾರೆ. ನಾನು ಮುಂದೆ ಹೋಗುತ್ತೇನೆ" ಎಂದು ಅವನು ಸಭಾಮಂದಿರದ ಕಡೆಗೆ ಓಡಿದ. ಬಿದ್ದ ರೊಟ್ಟಿಯನ್ನು ಮಾತ್ರ ಮರೆಯದೆ ಎತ್ತಿಕೊಂಡ.

ಹೆಂಡತಿ ಹಿಂದೆಯೇ ಓಡಿದಳು, ವಾಲಿಕೊಂಡು.

ಮಂದಿರದಲ್ಲಿ ಕೇಳುವವರು ಊಟ ಮುಗಿಸಿ ಕುಳಿತಿದ್ದರು. ಗೋಡೆಯ ಉದ್ದಕ್ಕೂ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ನಿಂತಿದ್ದರು. ಅವರು ದಿನವೂ ಬರುತ್ತಿದ್ದರು. ಯಾವ ದಿನ ಯಾರ ಗಂಡ ಏನು ತರುತ್ತಾನೋ ಯಾರಿಗೆ ಗೊತ್ತು.

ಬಡಗಿ ನಡುವೆ ನಿಂತು ಕಣ್ಣು ಮುಚ್ಚಿ ಹೇಳಿದ: "ಮನೆಗೆ ಬಾ. ಮಗು ನಡೆಯುವ ಹಾಗಿದೆ."

ಕೇಳುವವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೆನಪನ್ನು ತಡಕಾಡಿದರು. ಈ ಮಾತನ್ನು ಯಾವ ಗಂಡಸೂ ಈವರೆಗೆ ಮಂದಿರಕ್ಕೆ ತಂದಿರಲಿಲ್ಲ. ಅಂಥದ್ದೊಂದನ್ನು ಕೇಳಿಸಿಕೊಂಡ ನೆನಪೂ ಯಾರಿಗೂ ಇರಲಿಲ್ಲ.

"ಹೊಸದು" ಎಂದ ಬಿಳಿ ಕೋಟಿನವನು, ಕಣ್ಣು ತುಂಬಿ. "ಮನೆ ಎಂದರೆ ಆತ್ಮ. ಮಗು ಎಂದರೆ ಈ ಖಂಡ. ಖಂಡ ನಡೆಯುತ್ತಿದೆ, ಹಿರಿಯರೇ! ಆತ್ಮದ ಕಡೆಗೆ!"

"ಹೊಸದು ನಿಜ" ಎಂದ ಕರಿ ಕೋಟಿನವನು. "ಆದರೆ ಮನೆ ಎಂದರೆ ಗೋರಿ. ಮಗು ಎಂದರೆ ನಮ್ಮ ಅಜ್ಜಂದಿರು ಹೂತುಬಂದ ಪಾಪ. ಅದಕ್ಕೆ ಕಾಲು ಬಂದಿದೆ. ಈ ಕಡೆಗೇ ಬರುತ್ತಿದೆ."

"ಮಗು ಅಂದರೆ ಇದು ಸ್ವಾಮಿ" ಎಂದು ಬಡಗಿಯ ಹೆಂಡತಿ ಹಿಂದಿನಿಂದ ಮಗುವನ್ನು ಎತ್ತಿ ತೋರಿಸಿದಳು.

ಇಬ್ಬರೂ ಮಗುವನ್ನು ನೋಡಿದರು. ನ್ಯಾಯವಾಗಿಯೇ ನೋಡಿದರು.

"ಅದೂ ಒಂದು ಅರ್ಥ" ಎಂದ ಬಿಳಿ ಕೋಟಿನವನು. "ಸ್ವಲ್ಪ ತೆಳು."

ಬಡಗಿಯನ್ನು ಮನುಷ್ಯನೆಂದು ಒಪ್ಪಿಕೊಂಡರು. ಅವನ ಮಾತನ್ನು ಗೋಡೆಯ ಮೇಲೆ ಕೆತ್ತಬೇಕೆಂದು ತೀರ್ಮಾನವಾಯಿತು. ಅದರ ಮೇಲೆ ಉಪನ್ಯಾಸ ಕೊಡಲು ಅವನು ಊರಿಂದ ಊರಿಗೆ ಹೋಗಬೇಕೆಂದೂ ತೀರ್ಮಾನವಾಯಿತು. ಮನೆಗೆ ಬಾ ಎನ್ನುವ ಮಾತಿನ ಮೇಲೆ ಮನೆಯಲ್ಲಿ ಕುಳಿತು ಉಪನ್ಯಾಸ ಕೊಡಲಾಗುವುದಿಲ್ಲ.

ಹೆಂಡತಿ ಮುಂದೆ ಬಂದಳು. "ಹೆಸರು ಇಡಿ" ಎಂದಳು.

"ಹಾಂ?" ಎಂದ ಬಡಗಿ.

"ಈಗ ನಿಮಗೆ ಹಕ್ಕು ಬಂತಲ್ಲ. ಹೆಸರು ಇಡಿ. ಇನ್ನು ನನ್ನ ಕೈಯಲ್ಲಿ ಹಿಡಿಯೋಕೆ ಆಗ್ತಿಲ್ಲ."

ಬಡಗಿ ಮಗುವನ್ನು ನೋಡಿದ, ಹೆಂಡತಿಯನ್ನು ನೋಡಿದ, ಕೇಳುವವರನ್ನು ನೋಡಿದ. ಕೇಳುವವರು ಕಿವಿ ನಿಮಿರಿಸಿ ಕುಳಿತಿದ್ದರು. ಅವನ ಬಾಯಿಗೆ ಏನೋ ಬಂದದ್ದು ಕಂಡಿತು. ಅವನು ಅದನ್ನು ನುಂಗಿಕೊಂಡ.

"ಇಂಥ ಮಾತು ಹೇಳಿದವನು ಯಾವುದೋ ಒಂದು ಹೆಸರು ಇಡೋಕಾಗುತ್ತೇನೇ?" ಎಂದ ಮೆಲ್ಲಗೆ. "ಯಾರೂ ಇಡದ ಹೆಸರು ಬೇಕು. ಕಾಡಿಗೆ ಹೋಗಿ ಕೇಳಿಸಿಕೊಂಡು ಬರ್ತೀನಿ."

ಕೇಳುವವರು ಚಪ್ಪಾಳೆ ತಟ್ಟಿದರು.

"ಎಷ್ಟು ದಿನ ಆಗುತ್ತೆ?"

"ಕಾಡಿಗೆ ಅವಸರ ಮಾಡೋಕಾಗುತ್ತಾ, ಹುಚ್ಚಿ?"

ಮಗು ನೆಲವನ್ನು ನೋಡುತ್ತಿತ್ತು. ಮಂದಿರದ ನೆಲ ಒಳ್ಳೆಯ ನೆಲ. ನುಣ್ಣಗೆ ಹೊಳೆಯುತ್ತಿತ್ತು. ಮಗು ಒದೆಯಲಿಲ್ಲ. ಸುಮ್ಮನೆ ನೋಡುತ್ತಿತ್ತು, ಅಷ್ಟೇ. ಬಡಗಿಯ ಹೆಂಡತಿ ಒದೆತಕ್ಕಾಗಿ ಕಾದಳು. ಅದು ಬರಲಿಲ್ಲ. ಅವಳು ಪಕ್ಕೆಯನ್ನು ಮಗುವಿನ ಕಾಲಿಗೆ ತಾನೇ ಒತ್ತಿದಳು. ಕಾಲು ಜೋತಾಡಿತು.

ಅವಳು ಬಗ್ಗಿ ಮಗುವನ್ನು ನೆಲಕ್ಕಿಳಿಸಿದಳು.

ಮಗು ತಾಯಿಯ ಬಟ್ಟೆಯ ಅಂಚು ಹಿಡಿದು ನಿಂತಿತು. ಕಾಲು ನಡುಗಿತು. ಅಂಚು ಬಿಟ್ಟಿತು. ಕುಕ್ಕರಿಸಿ ಬಿತ್ತು. ಯಾರಾದರೂ ಎತ್ತಲಿ ಎಂದು ಸುತ್ತ ನೋಡಿತು. ಯಾರೂ ಬರದಿದ್ದಾಗ ತಾನೇ ಎದ್ದಿತು. ಆಮೇಲೆ ನಡೆಯಿತು. ತಂದೆಯನ್ನು ದಾಟಿಕೊಂಡು ಹೋಯಿತು, ಕೇಳುವವರ ಪೀಠದವರೆಗೆ ಹೋಯಿತು, ಕರಿ ಕೋಟಿನವನ ಬೂಟಿನ ಮೇಲೆ ಕೈಯಿಟ್ಟು ನಿಂತು ನಕ್ಕಿತು. ಕರಿ ಕೋಟಿನವನು ಕಾಲು ಮೇಲಕ್ಕೆ ಎಳೆದುಕೊಂಡ.

"ಮಾರ್ದನಿ" ಎಂದ.

"ಮಾರ್ದನಿ" ಎಂದ ಬಿಳಿ ಕೋಟಿನವನು.

"ಮಾರ್ದನಿ" ಎಂದರು ಉಳಿದ ಕೇಳುವವರು ಒಬ್ಬರಾದ ಮೇಲೆ ಒಬ್ಬರು. ಮಂದಿರದ ಛಾವಣಿ ಎತ್ತರವಾಗಿದ್ದುದರಿಂದ ಆ ಶಬ್ದ ಬಹಳ ಹೊತ್ತು ಅಲ್ಲಿಯೇ ಸುತ್ತಿತು.

ಅದು ನಿಂತ ಮೇಲೆ ಹೆಂಡತಿ ಕರೆದಳು: "ಮುತ್ತೂ."

ಮಗು ತಿರುಗಿ ನೋಡಿತು. ಯಾರೂ ಅದನ್ನು ಹಾಗೆ ಕರೆದಿರಲಿಲ್ಲ. ಆದರೂ ತಿರುಗಿತು.

"ಏನಮ್ಮಾ ಇದು!" ಎಂದ ಬಿಳಿ ಕೋಟಿನವನು. ಮಗು ನಡೆದದ್ದಕ್ಕಿಂತ ಇದು ಅವನಿಗೆ ಹೆಚ್ಚು ನೋವು ಕೊಟ್ಟಿತ್ತು. "ಹಳೇ ಊರಿನಲ್ಲಿ ಬಾವಿಕಟ್ಟೆಗೆ ಹೋದರೆ ನಾಲ್ಕು ಜನ ಮುತ್ತು ಸಿಗುತ್ತಿದ್ದರು. ಇಲ್ಲಿ ಬಂದರಿನ ನಾಯಿಯ ಹೆಸರೂ ಮುತ್ತು."

"ಹೌದು ಸ್ವಾಮಿ. ಕರೆದರೆ ಅದೂ ಬರುತ್ತೆ."

ಗೋಡೆಯ ಬಳಿ ಏನೋ ಸದ್ದಾಯಿತು. ಕಮ್ಮಾರನ ಹೆಂಡತಿ ತನ್ನ ಮಗನ ಕೈಗಳನ್ನು ಕುತ್ತಿಗೆಯಿಂದ ಬಿಡಿಸುತ್ತಿದ್ದಳು.

"ಇಳಿಯೋ."

"ಇಳಿಯಲ್ಲ."

"ಇಳಿಯೋ ಮುತ್ತು, ನಿನ್ನ ದಮ್ಮಯ್ಯ."

ಹೆಸರು ಕೇಳಿ ಅವನು ಗಲಿಬಿಲಿಗೊಂಡು ಕೈ ಸಡಿಲಿಸಿದ. ಧೊಪ್ಪನೆ ನೆಲಕ್ಕೆ ಬಿದ್ದು, ಮಡಚಿದ ಕಾಲುಗಳನ್ನು ನೋಡಿಕೊಂಡು ಗೊಳೋ ಎಂದು ಅತ್ತ. ಅವನ ತಾಯಿ ಸೊಂಟ ನೆಟ್ಟಗೆ ಮಾಡಿಕೊಳ್ಳಲು ಹೋಗಿ ಆಗದೆ, ಅವಳೂ ಅವನ ಪಕ್ಕದಲ್ಲಿ ಕುಳಿತಳು. ಆಮೇಲೆ ಕುಂಬಾರನ ಹೆಂಡತಿ ಇಳಿಸಿದಳು. ಬೆಸ್ತರವಳು ಇಳಿಸಿದಳು. ಒಬ್ಬೊಬ್ಬರಾಗಿ ಎಲ್ಲರೂ ಇಳಿಸಿದರು. ಹೆಸರಿಡುವ ಕೆಲಸ ಅವರಿಗೆ ಎಂದೂ ಬಂದಿರಲಿಲ್ಲ. ಯಾವ ಹೆಸರನ್ನೂ ಅವರು ಯೋಚಿಸಿರಲಿಲ್ಲ. ಆ ಹೊತ್ತಿಗೆ ಮಂದಿರದಲ್ಲಿ ಇದ್ದದ್ದು ಒಂದೇ ಹೆಸರು. ಗಂಡು ಹೆಣ್ಣು ಎನ್ನದೆ ಎಲ್ಲರಿಗೂ ಅದನ್ನೇ ಇಟ್ಟರು. ನೆಲದ ತುಂಬ ಮುತ್ತುಗಳು ಬೀಳುತ್ತ ಏಳುತ್ತ ಅಳುತ್ತ ಇದ್ದವು. ಕೇಳುವವರು ಪೀಠಗಳ ಮೇಲೆ ಕಾಲು ಎತ್ತಿಕೊಂಡು ಕುಳಿತರು.

ಬಡಗಿ ಈ ಗದ್ದಲದಲ್ಲಿ ನಿಲ್ಲಲಾರದೆ ಕಾಡಿಗೆ ಹೊರಟುಹೋದ. ಅವನಿಗೆ ಅಲ್ಲಿ ಕೆಲಸವಿತ್ತು. ಹೆಸರೊಂದನ್ನು ಕೇಳಿಸಿಕೊಳ್ಳಬೇಕಾಗಿತ್ತು.

ಮರುದಿನ ಗೂಟಗಳಲ್ಲಿ ಬುತ್ತಿ ಇರಲಿಲ್ಲ. ಹೆಂಗಸರ ಎರಡು ಕೈಯೂ ಮಕ್ಕಳ ಕೈಯಲ್ಲಿತ್ತು. ಏಕಾಂಗಿಗಳು ಖಾಲಿ ಗೂಟಗಳನ್ನು ಕಂಡು ರೋಮಾಂಚನಗೊಂಡರು. ಕಾಡು ಮೌನ ತಾಳಿದೆ ಎಂದುಕೊಂಡರು. ಇಂಥ ಗಾಢವಾದ ಮೌನವನ್ನು ಅವರು ಕಂಡಿರಲಿಲ್ಲ. ಸಂಜೆಯ ಹೊತ್ತಿಗೆ ಆ ಮೌನ ಹೊಟ್ಟೆಯಲ್ಲಿ ಗುಡುಗತೊಡಗಿತು. ಆಮೇಲಿನ ದಿನ ಕಾಡು ಮೊದಲ ಸಲ ಎಲ್ಲರೊಂದಿಗೂ ಮಾತಾಡಿತು. ಎಲ್ಲರೂ ಅದನ್ನು ಮಂದಿರಕ್ಕೆ ಹೊತ್ತು ತಂದರು. "ನನಗೆ ಹಸಿವಾಗಿದೆ" ಎಂದ ಮೊದಲಿನವನು. ಕೇಳುವವರು ಮೆಚ್ಚಿ ತಲೆದೂಗಿದರು. "ನನಗೂ" ಎಂದ ಎರಡನೆಯವನು. ಅವನನ್ನು ತಿರುಗಿ ಕಳಿಸಿದರು. ಸಾಲಿನಲ್ಲಿದ್ದ ಉಳಿದವರನ್ನೂ ತಿರುಗಿ ಕಳಿಸಿದರು. ಅವರಲ್ಲಿ ಯಾರೂ ಕಾಡಿನ ಕಡೆಗೆ ಹೋಗಲಿಲ್ಲ. ಆಕಾಶ ನೋಡದೆ, ಒಬ್ಬರ ಹಿಂದೆ ಒಬ್ಬರು, ಮನೆಯ ದಾರಿ ಹಿಡಿದರು.

ಬಡಗಿಯೂ ಬಂದ. ಹೆಂಡತಿ ಒಲೆಯ ಮುಂದೆ ಇದ್ದಳು. ಎರಡು ಕೈಯಲ್ಲಿ ರೊಟ್ಟಿ ತಟ್ಟುತ್ತಿದ್ದಳು. ರೊಟ್ಟಿ ದುಂಡಗಿತ್ತು.

ಅವನು ಬಾಗಿಲಲ್ಲಿ ನಿಂತು ಕೆಮ್ಮಿದ. "ಹೆಸರು ಸಿಗಲಿಲ್ಲ" ಎಂದ.

"ಇಟ್ಟಾಯ್ತಲ್ಲ."

"ಹೂಂ." ಕೋಟಿನ ಹರುಕನ್ನು ಮುಟ್ಟಿ ನೋಡಿಕೊಂಡ. "ಅದು ಕೆಟ್ಟ ಹೆಸರೇನೂ ಅಲ್ಲ. ಅವತ್ತು ಮಂದಿರದಲ್ಲಿ ನನ್ನ ಬಾಯಿಗೂ ಅದೇ ಬಂದಿತ್ತು."

"ಗೊತ್ತು. ನೋಡಿದೆ."

"ಎಲ್ಲಿ, ಮಗು?"

"ಬೀದಿಯಲ್ಲಿದೆ."

"ಕರಿ ಸ್ವಲ್ಪ."

"ನೀವೇ ಕರೀರಿ" ಎಂದಳು, ರೊಟ್ಟಿಯನ್ನು ಹೆಂಚಿಗೆ ಹಾಕುತ್ತ.

ಬಡಗಿ ಬೀದಿಗೆ ಬಂದ. ಗಂಟಲು ಸರಿಮಾಡಿಕೊಂಡ. ಕಾಡಿನಲ್ಲಿ ಇದ್ದಷ್ಟು ಕಾಲವೂ ಅವನು ಯಾರನ್ನೂ ಹೆಸರು ಹಿಡಿದು ಕರೆದಿರಲಿಲ್ಲ.

"ಮುತ್ತೂ" ಎಂದ.

ಬೀದಿಯಲ್ಲಿದ್ದ ಮಕ್ಕಳೆಲ್ಲ ತಿರುಗಿದರು. ಗೋಡೆ ಹಿಡಿದು ನಿಂತವರು ತಿರುಗಿದರು, ತೆವಳುತ್ತಿದ್ದವರು ತಿರುಗಿದರು, ಬಿದ್ದು ಧೂಳು ಮೆತ್ತಿಕೊಂಡವರು ತಿರುಗಿದರು. ಎಲ್ಲರೂ ಅವನನ್ನೇ ನೋಡಿದರು.

ಬಡಗಿ ಒಂದೊಂದೇ ಮುಖವನ್ನು ನೋಡುತ್ತ ಹೋದ. ತನ್ನ ಮಗುವಿನ ಮುಖವನ್ನು ಅವನು ಹೆಂಡತಿಯ ಸೊಂಟದ ಮೇಲೆ ಮಾತ್ರ ಕಂಡಿದ್ದ; ಮಂದಿರದಲ್ಲಿ ಅದು ದಾಟಿಹೋದಾಗ ಕಂಡದ್ದು ಬೆನ್ನು. ಸೊಂಟದಿಂದ ಇಳಿದ ಮೇಲೆ ಎಲ್ಲ ಮಕ್ಕಳೂ ಮಕ್ಕಳ ಹಾಗೆಯೇ ಇದ್ದರು. ಒಂದರ ಕಡೆಗೆ ಒಂದು ಹೆಜ್ಜೆ ಇಟ್ಟ. ಅಲ್ಲ ಎನ್ನಿಸಿತು. ಇನ್ನೊಂದರ ಕಡೆಗೆ ತಿರುಗಿದ. ಅದೂ ಅಲ್ಲವೇನೋ.

ಸಹಾಯಕ್ಕೆ ಬಾಗಿಲ ಕಡೆಗೆ ನೋಡಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ಒಳಗೆ ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

ಮಕ್ಕಳು ಸ್ವಲ್ಪ ಹೊತ್ತು ಕಾದರು. ಈ ಮನುಷ್ಯನಿಗೆ ಯಾರು ಬೇಕೆಂದು ಗೊತ್ತಾಗಲಿಲ್ಲ. ಒಬ್ಬೊಬ್ಬರಾಗಿ ತಮ್ಮ ಆಟಕ್ಕೆ ತಿರುಗಿಕೊಂಡರು.

"ಮುತ್ತೂ" ಎಂದು ಅವನು ಇನ್ನೊಮ್ಮೆ ಕರೆದ.

ಈ ಸಲ ಯಾರೂ ತಿರುಗಲಿಲ್ಲ.